ಪಶೆದುವಿನ ನಾಲಿಗೆ

ವಾಸೆತ್ ಪಟ್ಟಣದ ಪಡುವಣ ದಂಡೆಯಲ್ಲಿ, ದೊಡ್ಡ ಗುಡಿಯ ಹಿತ್ತಿಲಿಗೆ ಅಂಟಿಕೊಂಡ ಮಣಿಗಾರರ ಅಂಗಳದಲ್ಲಿ, ಪಶೆದುವಿನ ನಾಲಿಗೆಯಷ್ಟು ಹೆಸರು ಮಾಡಿದ ನಾಲಿಗೆ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇರಲಿಲ್ಲ. ಅದರ ಕೀರ್ತಿ ಹೊಳೆಯ ಜೊತೆ ಕೆಳಕ್ಕೆ ಹರಿದು ಸಮುದ್ರ ಮುಟ್ಟಿ, ಅಲ್ಲಿಂದ ಬಡಗಣ ಗಾಳಿ ಹಿಡಿದು ಹಾಯಿದೋಣಿಯಲ್ಲಿ ಕೂತು ವಾಪಸು ಬಂದಿತ್ತು ಎಂದರೆ ಮಿಕ್ಕದ್ದನ್ನು ನೀವೇ ಊಹಿಸಿಕೊಳ್ಳಿ.

ನೀಲಿ ಮಿನುಗುಮಣಿ ಮಾಡುವವರ ಗುಟ್ಟೆಲ್ಲ ಮುದ್ದೆಯಲ್ಲಿದೆ. ಬೆಣಚುಕಲ್ಲಿನ ಹಿಟ್ಟು, ಚಿಟಿಕೆ ಸುಣ್ಣ, ತಾಮ್ರದ ಕಿಲುಬು, ಮರಳುಗಾಡಿನ ಕೊಳಗಳಿಂದ ಬರುವ ಚೌಳುಪ್ಪು, ಇಷ್ಟನ್ನು ನೀರು ಹಾಕಿ ಕಲಸಬೇಕು. ಚೌಳು ಹೆಚ್ಚಾದರೆ ಮಣಿ ಬೆಂಕಿಯಲ್ಲಿ ಕರಗಿ ತಟ್ಟೆಗೆ ಅಂಟುತ್ತದೆ. ಕಡಿಮೆಯಾದರೆ ಮಿನುಗು ಬಾರದೆ ಒರಟು ಕಲ್ಲಾಗುತ್ತದೆ. ಈ ಹದವನ್ನು ತೂಗುವ ತಕ್ಕಡಿ ಲೋಕದಲ್ಲಿಲ್ಲ. ಅದಕ್ಕೆ ಪಶೆದು ಇದ್ದ. ಕಡಲೆಕಾಳಿನಷ್ಟು ಮುದ್ದೆ ಚಿವುಟಿ ನಾಲಿಗೆಯ ಮೇಲಿಟ್ಟುಕೊಂಡರೆ ಅವನು ಹದ ಹೇಳುವುದಿರಲಿ, ಚೌಳು ಯಾವ ಕೊಳದ್ದು, ಹೊತ್ತು ತಂದ ಕತ್ತೆ ಯಾವ ಕಾಲು ಕುಂಟುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತಿದ್ದನಂತೆ.

ಅಂಗಳದ ನಡುವೆ ಮೂರು ಕಾಲಿನ ಒಂದು ಮಣೆ. ಅದರ ಮೇಲೆ ಕೂರುವ ಹಕ್ಕು ಮೂವತ್ತು ವರ್ಷದಿಂದ ಪಶೆದುವಿನದು. ಅವನು ಕೂರುತ್ತಿದ್ದ, ಚಿವುಟುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ನಲವತ್ತು ಜನ ಉಸಿರು ಹಿಡಿದು ನಿಲ್ಲುತ್ತಿದ್ದರು. ಆಮೇಲೆ ಪಕ್ಕಕ್ಕೆ ಉಗಿದು, "ಅಚ್ಚಿಗೆ ಹಾಕಿ" ಎನ್ನುತ್ತಿದ್ದ. ಮುಗಿಯಿತು. ಅವನು ರುಚಿ ನೋಡಿದ ಮುದ್ದೆಗೆ ಬೇರೆಯವರು ನಾಲಿಗೆ ತಾಗಿಸುವಂತಿಲ್ಲ. ಎರಡನೆಯ ನಾಲಿಗೆ ಸೋಕಿದ ಮುದ್ದೆ ಮಣಿ ಸುಡುವ ಆವಿಗೆಯೊಳಗೆ ಸೀಳುತ್ತದೆ ಎಂದು ತಾತ ಮುತ್ತಾತಂದಿರ ಕಾಲದಿಂದ ನಂಬಿಕೆ. ಸೂಕ್ಷ್ಮವಾಗಿ ನೋಡಿದರೆ ಆ ನಂಬಿಕೆಯನ್ನು ಹುಟ್ಟಿಸಿದವರೂ ಮಣೆಯ ಮೇಲೆ ಕೂತವರೇ ಇರಬೇಕು.

ಇಂಥ ನಾಲಿಗೆ ಈಗ ಇಪ್ಪತ್ತು ದಿನದಿಂದ ಸತ್ತು ಬಿದ್ದಿತ್ತು.

ನೆರೆ ಇಳಿದ ಮೇಲೆ ಊರಿಗೆಲ್ಲ ಬಂದ ಜ್ವರ ಪಶೆದುವಿಗೂ ಬಂದು, ಹೋಗುವಾಗ ಅವನ ನಾಲಿಗೆಯನ್ನೂ ಮೂಗನ್ನೂ ಕಟ್ಟಿಕೊಂಡು ಹೋಗಿತ್ತು. ಈರುಳ್ಳಿ ಕಚ್ಚಿದರೆ ನೀರು, ಅಂಜೂರ ಕಚ್ಚಿದರೆ ಮಣ್ಣು, ಬಿಯರು ಕುಡಿದರೆ ತೊಳೆದ ಪಾತ್ರೆಯ ನೀರು. ಅವನು ಯಾರಿಗೂ ಹೇಳಲಿಲ್ಲ. ತಾಯಿ ಹಾಥೋರ್‌ಗೆ ಗುಟ್ಟಾಗಿ ಹರಕೆ ಹೊತ್ತ. ಬೆಳ್ಳುಳ್ಳಿ ಅಗಿದ, ಜೇನು ಸವರಿದ, ಒಮ್ಮೆ ಬಾಗಿಲು ಹಾಕಿಕೊಂಡು ನಾಲಿಗೆಯನ್ನು ಸಾಣೆಕಲ್ಲಿಗೂ ಉಜ್ಜಿದ. ನಾಲಿಗೆ ಏಳಲಿಲ್ಲ. ಮಣೆಯ ಮೇಲೆ ಮಾತ್ರ ಎಂದಿನಂತೆ ಕೂತ, ಕಣ್ಣು ಮುಚ್ಚಿದ, ಕೈಗೆ ಹತ್ತಿದ ಅಂದಾಜಿನಲ್ಲಿ "ಅಚ್ಚಿಗೆ ಹಾಕಿ" ಎಂದ. ಎರಡು ಸಲ ಅಂದಾಜು ಸರಿಯಾಯಿತು. ಮೂರನೆಯ ಸಲ ಬಂದದ್ದು ಹೆನುತ್ತವಿ ಅಮ್ಮನವರ ಕಂಠಿಹಾರ.

ಹೆನುತ್ತವಿ ಎಂದರೆ ಎರಡನೆಯ ಅರ್ಚಕರ ಹೆಂಡತಿ, ದೇವರ ಮುಂದೆ ಹಾಡುತ್ತಿದ್ದವರು. ಅವರು ತೀರಿಕೊಂಡು ಅರವತ್ತಮೂರು ದಿನವಾಗಿತ್ತು. ಶುದ್ಧಿಮನೆಯಲ್ಲಿ ದೇಹವನ್ನು ಒಣಗಿಸಿ ಬಟ್ಟೆ ಸುತ್ತುತ್ತಿದ್ದರು. ಎಪ್ಪತ್ತನೆಯ ಬೆಳಿಗ್ಗೆ ಕೊರಳಿಗೆ ಹಾರ ಏರಲೇಬೇಕು. ಏರದಿದ್ದರೆ ಆಕೆ ಬರಿಗೊರಳಲ್ಲಿ ಪಡುವಣ ಲೋಕಕ್ಕೆ ಹೋಗಬೇಕು. ಹನ್ನೊಂದು ಸಾಲಿನ ಹಾರ, ಒಂದೊಂದು ಸಾಲಿನಲ್ಲಿ ಖರ್ಜೂರ, ಹೂವಿನ ಎಸಳು, ಎಲೆಯ ಆಕಾರದ ಮಣಿಗಳು, ತುದಿಗೆ ಎರಡು ಗಿಡುಗನ ತಲೆ. ಅಂಥ ನೀಲಿಯನ್ನು ಆಕಾಶವೂ ನೋಡಿರಬಾರದು ಎಂದು ಅರ್ಚಕರ ಅಪ್ಪಣೆ.

ಮೇಲ್ವಿಚಾರಕ ಪೆಂಬು ಸ್ವತಃ ಬಂದು ಬೆತ್ತ ಊರಿ ನಿಂತಿದ್ದ. ಅವನ ಹೊಟ್ಟೆ ಬಾಗಿಲಿನಿಂದ ಒಳಬಂದು ಅರ್ಧ ಗಳಿಗೆಯ ಮೇಲೆ ಅವನು ಬರುತ್ತಿದ್ದ.

"ಹೋದ ತಿಂಗಳು ಒಂದು ಆವಿಗೆ ಪೂರ್ತಿ ಹೊಗೆ ಹತ್ತಿಸಿದ್ದೀರಿ. ನಾನು ಬಾಯಿ ಬಿಡ್ಲಿಲ್ಲ," ಎಂದು ಪೆಂಬು ಬೆತ್ತವನ್ನು ಕಾಸಾನ ಎದೆಗೆ ತಾಗಿಸಿದ. "ಈ ಸಲ ಏನಾದ್ರೂ ಕೆಟ್ರೆ ಬೆಂಕಿ ನೋಡೋನ ಬೆನ್ನು ಕೆಡುತ್ತೆ. ನೂರು ಏಟು. ಆಮೇಲೆ ಕಲ್ಲುಗಣಿ. ತಿಳೀತೇನಪ್ಪಾ?"

"ತಿಳೀತು ಒಡೆಯಾ," ಎಂದ ಕಾಸಾ. "ನೂರಕ್ಕೆ ನಿಮ್ಮ ಕೈ ನೋಯುತ್ತಲ್ಲಾ, ಐವತ್ತಕ್ಕೆ ಯಾರಾದ್ರೂ ಬದಲಿ ಇಟ್ಕೊಳ್ಳಿ."

ಕಾಸಾ ಪಶೆದುವಿನ ತೀರಿಹೋದ ಹೆಂಡತಿಯ ತಮ್ಮ. ಆವಿಗೆಯ ಬೆಂಕಿ ಅವನ ಪಾಲು. ಅವನ ನಗು ಎಂದರೆ ಹೊಳೆಯಾಚೆ ಮರಳಿನಲ್ಲಿ ಮಲಗಿದ ಮೊಸಳೆಗಳು ಬೆಚ್ಚಿ ನೀರಿಗೆ ಬೀಳುವಂಥದ್ದು. ಮೂರು ಕಾಲಿನ ಮಣೆಯ ಮೇಲೆ ಅವನಿಗೆ ಹತ್ತು ವರ್ಷದಿಂದ ಕಣ್ಣು, ಮತ್ತು ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. "ಭಾವ, ಆ ಮಣೆ ಮೇಲೆ ಮೊಟ್ಟೆ ಇಟ್ಟಿದ್ದೀರಾ? ಮರಿ ಆದ ಮೇಲಾದ್ರೂ ಏಳ್ತೀರೋ ಇಲ್ವೋ?" ಎಂದು ದಿನಕ್ಕೊಂದು ಸಲ ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ದಿನ ಹೊಸ ಚೌಳಿನ ಮೂಟೆ ಬಿಚ್ಚಿ ಮುದ್ದೆ ಕಲಸಿದರು. ಪಶೆದು ಮಣೆಯ ಮೇಲೆ ಕೂತು ಚಿವುಟಿ ಬಾಯಿಗಿಟ್ಟ. ಒಳಗೆ ಏನೂ ಇಲ್ಲ. ಮರಳು ಮಾತ್ರ ಹಲ್ಲಿಗೆ ಸಿಕ್ಕಿತು. ಪೆಂಬು ನೋಡುತ್ತಿದ್ದ, ಕಾಸಾ ನೋಡುತ್ತಿದ್ದ. ಪಶೆದು ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ, ಎಂದಿಗಿಂತ ದೂರಕ್ಕೆ ಉಗಿದ.

"ಅಚ್ಚಿಗೆ ಹಾಕಿ."

ಮೂರನೆಯ ದಿನಕ್ಕೆ ಮಣಿಗಳ ಮೇಲೆ ಹೂ ಎದ್ದಿತು. ಒಣಗುವ ಮುದ್ದೆಯೊಳಗಿನ ಚೌಳು ಹೊರಗೆ ಬಂದು ಮೈಮೇಲೆ ಬಿಳಿಯ ಪುಡಿಯಾಗಿ ಕೂರುವುದಕ್ಕೆ ಹೂ ಏಳುವುದು ಎನ್ನುತ್ತಾರೆ. ಬೆಂಕಿಯಲ್ಲಿ ಕರಗಿ ಮಿನುಗಾಗುವುದು ಆ ಹೂವೇ. ಒಂದು ಬೆರಳು ಸೋಕಿದರೂ ಅಷ್ಟು ಜಾಗ ಬೋಳು. ಈ ಸಲದ ಹೂವೋ, ಎತ್ತಿಕೊಂಡು ಹೋಗಿ ರೊಟ್ಟಿ ತಟ್ಟಬಹುದು, ಅಷ್ಟು ದಟ್ಟ. ಅಂಗಳವೆಲ್ಲ ಹಿಗ್ಗಿತು. ಪೆಂಬು ಖುಷಿಗೆ ಒಂದು ಸುಟ್ಟ ಬಾತುಕೋಳಿಯನ್ನೇ ಕಳಿಸಿದ.

ಮಧ್ಯಾಹ್ನ ಪಶೆದು ನೆರಳಿನಲ್ಲಿ ಕೂತು ಬಾತುಕೋಳಿಯ ತೊಡೆ ತಿಂದ. ಒದ್ದೆ ಬಟ್ಟೆ ಅಗಿದಂತಿತ್ತು. "ಆಹಾ, ಏನು ರುಚಿ!" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ, ಬೆರಳಿನ ಜಿಡ್ಡು ತೊಳೆಯಲು ಎದ್ದ. ಮಣಿಗಾರರು ಕೈ ತೊಳೆಯುವುದೂ ಚೌಳಿನಲ್ಲೇ. ಮೂಟೆಯ ತಳದಿಂದ ಒಂದು ಚಿಟಿಕೆ ತೆಗೆದು ನೀರು ಬಿಟ್ಟು ಉಜ್ಜಿದ.

ಜಿಡ್ಡು ಹೋಗಲಿಲ್ಲ.

ಚೌಳು ಜಿಡ್ಡನ್ನು ಕಂಡರೆ ಬಿಡುವುದಿಲ್ಲ. ಬೆರಳು ಮೀನಿನಂತೆ ಜಾರಬೇಕು, ನೊರೆ ಬರಬೇಕು. ಇಲ್ಲಿ ಬರಿಯ ಹರಳು ಹರಳು. ಇನ್ನೊಂದು ಚಿಟಿಕೆ ತೆಗೆದ. ಉಜ್ಜಿದ. ಮತ್ತೊಂದು. ಜಿಡ್ಡು ಬೆರಳಿನ ಮೇಲೆ ಹಾಗೇ ಕೂತು ಬಿಸಿಲಿಗೆ ಮಿಣಮಿಣ ಎಂದಿತು.

ಅದು ಚೌಳಲ್ಲ. ಅಡುಗೆಯ ಉಪ್ಪು. ದಾರಿಯಲ್ಲಿ ಯಾವನೋ ಕತ್ತೆಯವನು ಚೌಳನ್ನು ಮಾರಿಕೊಂಡು ಮೂಟೆಗೆ ಉಪ್ಪು ತುಂಬಿದ್ದ. ಉಪ್ಪಿಗೂ ಹೂ ಏಳುತ್ತದೆ, ಚೌಳಿಗಿಂತ ಚೆನ್ನಾಗಿಯೇ ಏಳುತ್ತದೆ. ಕಣ್ಣಿಗೆ ಎರಡೂ ಒಂದೇ. ಬೆಂಕಿಗೆ ಮಾತ್ರ ಒಂದಲ್ಲ. ಉಪ್ಪಿನ ಮಣಿ ಆವಿಗೆಯಿಂದ ಬೂದಿಬಣ್ಣದ ಸುಟ್ಟ ಮರಳಾಗಿ ಬರುತ್ತದೆ, ಹಿಡಿದರೆ ಪುಡಿ. ಇದನ್ನು ತಡೆಯಬಹುದಾದದ್ದು ಒಂದೇ ಒಂದು ನಾಲಿಗೆ, ಅದು ಮಣೆಯ ಮೇಲೆ ಕೂತು "ಅಚ್ಚಿಗೆ ಹಾಕಿ" ಎಂದಿತ್ತು.

ಪಶೆದು ಗೋಡೆಗೆ ಒರಗಿದ. ಈಗಲೇ ಹೇಳಿದರೆ ಕಾಲ ಇದೆ. ಮರಳುಗಾಡಿನ ಬಿಸಿಗಾಳಿ ಬೀಸುತ್ತಿದೆ, ಹೊಸ ಮುದ್ದೆ ಎರಡೇ ದಿನಕ್ಕೆ ಒಣಗೀತು. ಆದರೆ ಹೇಳಿದರೆ ಮಣೆ ಹೋಯಿತು, ಹೆಸರು ಹೋಯಿತು, ಮೂವತ್ತು ವರ್ಷ ಹೋಯಿತು. ಹೇಳದಿದ್ದರೆ? ಯಜಮಾನನ ನಾಲಿಗೆ ಒಪ್ಪಿತ್ತು, ಹೂ ದಂಡಿಯಾಗಿ ಎದ್ದಿತ್ತು, ಕೆಡಿಸಿದ್ದು ಇನ್ಯಾರು? ಬೆಂಕಿ ನೋಡಿದವನು. ಪೆಂಬು ಬೆತ್ತ ಆರಿಸಿ ಇಟ್ಟಾಗಿದೆ. ಪಶೆದು ಏನೂ ಮಾಡಬೇಕಾಗಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸಾಕು.

ಈ ಯೋಚನೆ ಬಂದದ್ದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ಅಷ್ಟು ಸಲೀಸಾಗಿ ಬಂದಿತ್ತು ಅದು.

ಮೊದಲು ಖಾತ್ರಿಯಾಗಬೇಕು. ಒಡೆದ ಒಂದು ಮಣಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮಗಳ ಚಪ್ಪರಕ್ಕೆ ಹೋದ. ಮೆರುತ್ ಹಾರ ಪೋಣಿಸಲು ನಾರಿನ ದಾರ ಹೊಸೆಯುತ್ತಿದ್ದಳು. ಅವಳು ಹೊಸೆದ ದಾರದಲ್ಲಿ ದೋಣಿ ಕಟ್ಟಿ ಎಳೆಯಬಹುದೆಂದು ಪ್ರತೀತಿ.

"ಮಗಳೇ, ಇದನ್ನೊಂಚೂರು ನಾಲಿಗೆಗೆ ಹಚ್ಚು."

ಮೆರುತ್ ದಾರ ಬಿಡಲಿಲ್ಲ, ಕಣ್ಣು ಮಾತ್ರ ಎತ್ತಿದಳು. "ಎರಡನೇ ನಾಲಿಗೆ ತಾಗಿಸಬಾರದಲ್ವಾ ಅಪ್ಪ?"

"ನಾನು ಹೇಳ್ತಿದ್ದೀನಲ್ಲ, ಹಚ್ಚು."

"ನಿಮ್ಮ ನಾಲಿಗೆಗೆ ಏನಾಗಿದೆ?"

"ಏನಾಗಿದೆ? ಏನೂ ಆಗಿಲ್ಲ. ಬಾತುಕೋಳಿ ತಿಂದೆ, ಜಿಡ್ಡಾಗಿದೆ."

"ಅಪ್ಪ," ಎಂದಳು ಮೆರುತ್, ದನಿ ಇಳಿಸಿ. "ಹತ್ತು ದಿನದ ಹಿಂದೆ ಬೇಳೆಗೆ ಉಪ್ಪು ಹಾಕೋದೇ ಮರೆತಿದ್ದೆ. ನೀವು ಎರಡು ಬಟ್ಟಲು ಕುಡಿದು 'ಹದವಾಗಿದೆ ಕಣೇ' ಅಂದ್ರಿ. ಮಾರನೇ ದಿನ ಬೇಕಂತಲೇ ಎರಡು ಹಿಡಿ ಸುರಿದೆ. ಬೆಕ್ಕು ನೆಕ್ಕಿ ಓಡಿಹೋಯ್ತು. ನೀವು ಆಗಲೂ 'ಹದವಾಗಿದೆ' ಅಂದ್ರಿ."

ಪಶೆದು ಮುಷ್ಟಿ ಬಿಚ್ಚಿ ಮಣಿಯ ಚೂರನ್ನು ನೋಡಿದ.

"ಮತ್ಯಾಕೆ ಹೇಳಲಿಲ್ಲ ನೀನು?"

"ನೀವೇ ಹೇಳ್ತೀರೇನೋ ಅಂತ ಕಾದೆ. ಕೊಡಿ ಇಲ್ಲಿ." ಅವಳು ಮಣಿಯ ಚೂರನ್ನು ನಾಲಿಗೆಗೆ ಮುಟ್ಟಿಸಿದಳು. ಮುಖ ಬಿಳಿಚಿತು. "ಇದು ಉಪ್ಪು."

"ಬರೀ ಉಪ್ಪಾ? ಬೂದಿನೀರಿನ ಕಹಿ ಏನಾದ್ರೂ..."

"ಬರೀ ಉಪ್ಪು ಅಪ್ಪ. ಬೇಳೆಗೆ ಹಾಕ್ತೀನಲ್ಲ, ಅದೇ. ಆವಿಗೆ ತುಂಬ್ತಿದ್ದಾರೆ, ಬೇಗ ಹೋಗಿ. ಕಾಸಾ ಮಾವನ ಬೆನ್ನಿನ ಚರ್ಮ ಸುಲೀತಾರೆ."

"ಹೋಗ್ತೀನಿ, ಹೋಗ್ತೀನಿ."

"ಹೋಗಿ ಏನಂತೀರಿ?"

ಪಶೆದು ಆಗಲೇ ಹೊರಟಿದ್ದ. ಅಂಗಳ ದಾಟುವ ಇಪ್ಪತ್ತು ಹೆಜ್ಜೆಯಲ್ಲಿ ಅವನಿಗೆ ಒಂದು ಉಪಾಯ ಹೊಳೆದಿತ್ತು. ನಾಲಿಗೆಯ ಸುದ್ದಿ ಎತ್ತದೆಯೇ ಮಣಿ ಕೆಡಿಸಬಹುದು. ಎಡವಬೇಕು. ತಟ್ಟೆಗಳ ಮೇಲೆ ಬೋರಲು ಬೀಳಬೇಕು. ಹೂವೆಲ್ಲ ಎದೆಗೆ, ಗಡ್ಡಕ್ಕೆ ಹತ್ತಿ ಹೋಗುತ್ತದೆ. ಮುದುಕ ಕಾಲು ತಪ್ಪಿದ ಎಂದು ಬೈಯುತ್ತಾರೆ, ಬೈಯಲಿ. ಈ ಮೂಟೆ ತಳ ಮುಟ್ಟಿದೆ, ಹೊಸ ಚೌಳು ತಂದು ಹೊಸ ಮುದ್ದೆ ಕಲಸುತ್ತಾರೆ. ಮಣೆಯೂ ಉಳಿಯಿತು, ಕಾಸಾನ ಬೆನ್ನೂ ಉಳಿಯಿತು.

ಆವಿಗೆಯ ಮುಂದೆ ತಟ್ಟೆಗಳನ್ನು ಸಾಲಾಗಿ ಹರವಿದ್ದರು. ಕಾಸಾ ಒಂದೊಂದನ್ನೇ ಎರಡು ಅಂಗೈ ಮೇಲೆ, ತೂಗಿದ ಮಗುವನ್ನು ಮಲಗಿಸುವಂತೆ ಒಳಗಿಡುತ್ತಿದ್ದ. ಪಶೆದು ಹತ್ತಿರ ಹೋದ, ಒಂದು ಸೌದೆಯ ತುಂಡಿಗೆ ಕಾಲು ಕೊಟ್ಟ, "ಅಯ್ಯೋ!" ಎಂದು ಮೂವತ್ತು ವರ್ಷದ ಗೌರವವನ್ನೆಲ್ಲ ಗಾಳಿಗೆ ಬಿಟ್ಟು ಮುಂದಕ್ಕೆ ಬಿದ್ದ.

ಬೀಳಲಿಲ್ಲ. ನೆಲಕ್ಕೂ ಅವನಿಗೂ ಒಂದು ಗೇಣು ಉಳಿದಿರುವಾಗ ಕಾಸಾನ ತೋಳು ಅವನ ಸೊಂಟ ಹಿಡಿದು ಎತ್ತಿ ನಿಲ್ಲಿಸಿತು. ಒಂದು ಮಣಿಯ ಒಂದು ಎಸಳೂ ಅಲುಗಲಿಲ್ಲ.

"ಭಾವಾ!" ಕಾಸಾ ಏದುಸಿರು ಬಿಡುತ್ತ ನಕ್ಕ, ಹೊಳೆಯಾಚೆ ಎಷ್ಟು ಮೊಸಳೆ ನೀರಿಗೆ ಬಿದ್ದವೋ. "ನನ್ನ ಬೆನ್ನಿನ ಮೇಲೆ ನಿಮಗೆ ಅಷ್ಟು ಸಿಟ್ಟಾ? ಮೊದಲೇ ಹೇಳಿದ್ರೆ ನಾನೇ ಹೋಗಿ ಏಟು ತಿಂದು ಬರ್ತಿದ್ದೆ."

ಅಂಗಳವೆಲ್ಲ ನಕ್ಕಿತು. ಪಶೆದು ನಗಲಿಲ್ಲ. ಸೊಂಟ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಕಾಸಾ ನಗುತ್ತಿದ್ದನೇ ಹೊರತು, ಹೆದರಿ ಸಾಯುತ್ತಿದ್ದ.

ಕೊನೆಯ ತಟ್ಟೆ ಒಳಗೆ ಹೋಯಿತು. ಬಾಗಿಲಿಗೆ ಇಟ್ಟಿಗೆ ಜೋಡಿಸಿದರು, ಕಾಸಾ ಹಸಿಮಣ್ಣನ್ನು ಅಂಗೈಯಿಂದ ಬಡಿದು ಬಡಿದು ಸಂದು ಮುಚ್ಚಿದ. ಅಷ್ಟರಲ್ಲಿ ಪೆಂಬುವಿನ ಹೊಟ್ಟೆ ಬಾಗಿಲಲ್ಲಿ ಕಾಣಿಸಿತು, ಹಿಂದೆಯೇ ಪೆಂಬು, ಅವನ ಹಿಂದೆ ಅರ್ಚಕರ ಮನೆಯಿಂದ ನೋಡಲು ಬಂದ ಬೋಳುತಲೆಯವನು.

"ಏನಪ್ಪಾ ಪಶೆದು, ಎಲ್ಲ ಸರಿ ಇದೆಯಾ?"

"ನಮ್ಮ ಭಾವ ಒಪ್ಪಿದ ಮುದ್ದೆ, ಒಡೆಯಾ," ಎಂದ ಕಾಸಾ. "ಇನ್ನು ಕೆಟ್ರೆ ಅದು ನಂದೇ ತಪ್ಪು. ಕಡೆಗೆ ದೇವರೂ ಹಾಗೇ ಅಂತಾನೆ." ಅವನು ಕೆಂಡದ ಮಡಕೆ ಎತ್ತಿಕೊಂಡು ಆವಿಗೆಯ ಬಾಯಿಗೆ ಬಗ್ಗಿದ. ಒಣ ಜೊಂಡಿನ ಕಟ್ಟು ಒಳಗೆ ಸಿದ್ಧವಾಗಿತ್ತು.

ಕಾಸಾ ಕೆಂಡವನ್ನು ಊದಿದ, ಕೆಂಪಾಯಿತು. ಇನ್ನೊಮ್ಮೆ ಊದಿದ. ಚಪ್ಪರದ ಕಂಬ ಹಿಡಿದು ಮೆರುತ್ ನಿಂತಿದ್ದಳು. ಕೆಂಡ ಮಡಕೆಯ ಅಂಚಿಗೆ ಜಾರಿತು.

"ನಿಲ್ಸೋ," ಎಂದ ಪಶೆದು. ಅದು ಪಕ್ಕದವನಿಗೂ ಕೇಳಿಸಲಿಲ್ಲ. "ಕಾಸಾ, ನಿಲ್ಸೋ! ಬೆಂಕಿ ಹಾಕ್ಬೇಡ!"

ಈ ಸಲದ ಕೂಗಿಗೆ ಗುಡಿಯ ಗೋಡೆಯ ಮೇಲೆ ಕೆತ್ತಿದ ದೇವರುಗಳೆಲ್ಲ ತಿರುಗಿ ನೋಡಿದರಂತೆ.

"ಏನಾಯ್ತು ಭಾವ?"

"ಅದು ಚೌಳಲ್ಲ. ಉಪ್ಪು." ಪಶೆದು ಪೆಂಬುವಿನ ಕಡೆ ತಿರುಗಿದ, ಆಮೇಲೆ ಅಂಗಳದ ಕಡೆ, ಎಲ್ಲಿ ನೋಡಬೇಕೋ ತಿಳಿಯದೆ ಕೊನೆಗೆ ತನ್ನ ಪಾದವನ್ನು ನೋಡಿದ. "ಒಡೆಯಾ, ನನ್ನ ನಾಲಿಗೆ ಸತ್ತಿದೆ. ಜ್ವರ ಬಂದಾಗಿನಿಂದ. ನನಗೆ ಏನೂ ಗೊತ್ತಾಗೋದಿಲ್ಲ. ಸುಮ್ಮನೆ ಕೂತು ಸುಮ್ಮನೆ ಉಗೀತಿದ್ದೆ."

ಪೆಂಬುವಿನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ಹುಚ್ಚು ಹಿಡೀತಾ ನಿನಗೆ? ಹೂ ಎದ್ದಿದೆಯಲ್ಲ!"

"ಉಪ್ಪಿಗೂ ಏಳುತ್ತೆ. ಬಾಗಿಲು ಒಡೀರಿ. ಎಲ್ಲರೂ ಒಂದೊಂದು ನೆಕ್ಕಿ ನೋಡಿ."

"ಎರಡನೇ ನಾಲಿಗೆ..." ಎಂದು ಯಾರೋ ಹಿಂದಿನಿಂದ ತೊದಲಿದರು.

"ಮೊದಲನೇ ನಾಲಿಗೆಯೇ ಇಲ್ಲ ಕಣ್ರಯ್ಯಾ! ನೆಕ್ಕಿ!"

ಕಾಸಾ ಹಸಿಮಣ್ಣನ್ನು ಕಾಲಿನಿಂದ ಒದ್ದು ಕೆಡವಿ ತಟ್ಟೆ ಎಳೆದ. ಮೊದಲು ನೆಕ್ಕಿದ್ದು ಅವನೇ. ಆಮೇಲೆ ಕಲ್ಲು ಕುಟ್ಟುವವರು, ಅಚ್ಚಿನವರು, ಅರ್ಚಕರ ಮನೆಯ ಬೋಳುತಲೆಯವನು, ಕೊನೆಗೆ ಪೆಂಬು. ಲೋಕ ಹುಟ್ಟಿದ ಮೇಲೆ ಅಷ್ಟು ನಾಲಿಗೆ ಒಟ್ಟಿಗೆ ಹೊರಬಂದದ್ದು ಅದೇ ಮೊದಲು.

"ಉಪ್ಪು," ಎಂದ ಪೆಂಬು. ಮಣಿ ಅವನ ಕೈಯಿಂದ ಬಿತ್ತು.

ಕಾಸಾ ಮಾತ್ರ ತಟ್ಟೆ ನೋಡುತ್ತಿರಲಿಲ್ಲ, ಪಶೆದುವನ್ನು ನೋಡುತ್ತಿದ್ದ. "ಭಾವ, ನಿಮಗೆ ಯಾವಾಗ ಗೊತ್ತಾಯ್ತು?"

"ಊಟ ಆದ ಮೇಲೆ. ಕೈ ತೊಳೆಯುವಾಗ."

"ಊಟ ಆಗಿ ಎಷ್ಟು ಹೊತ್ತಾಯ್ತು?"

ಕಾಸಾ ಕೆಂಡದ ಮಡಕೆಯನ್ನು ನೋಡಿದ, ಪೆಂಬುವಿನ ಬೆತ್ತವನ್ನು ನೋಡಿದ, ಸೌದೆಯ ತುಂಡನ್ನು ನೋಡಿದ. ಎಲ್ಲ ಅರ್ಥವಾದದ್ದು ಅವನ ಮುಖದ ಮೇಲೆ ಒಂದೊಂದಾಗಿ ಕಾಣಿಸಿತು. ಅವನ ನಗು ಅಲ್ಲಿಗೆ ನಿಂತಿತು. ಅದು ನಿಂತದ್ದನ್ನು ಅಂಗಳದವರು ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ.

ಪೆಂಬು ಬೈಯಲು ಬಾಯಿ ತೆರೆದ. ಆದರೆ ಬೈಯುವುದಕ್ಕೂ ಹೊತ್ತು ಬೇಕು, ಅದು ಇರಲಿಲ್ಲ. ಶುದ್ಧಿಮನೆಯಲ್ಲಿ ದೇಹ ಒಣಗಿಸಲು ತಂದ ಹೊಸ ಚೌಳಿನ ರಾಶಿ ಇತ್ತು. ಅಮ್ಮನವರ ಹಾರಕ್ಕೇ ತಾನೇ ಎಂದು ಬೋಳುತಲೆಯವನು ಮುಂದೆ ಓಡಿದ, ಕಾಸಾ ಹಿಂದೆ ಓಡಿದ. ವಾಪಸು ಬರುವಾಗ ಬೆನ್ನ ಮೇಲೆ ಎರಡು ಕತ್ತೆ ಹೊರುವಷ್ಟು ಮೂಟೆ. ಪಶೆದು ಬಾತುಕೋಳಿಯ ಜಿಡ್ಡನ್ನು ಬೆರಳಿಗೆ ಸವರಿ ಆ ಚೌಳಿನಲ್ಲಿ ಉಜ್ಜಿ ತೋರಿಸಿದ. ನೊರೆ ಬಂತು. ಕಲ್ಲು ಅರೆದರು, ಕಿಲುಬು ಹಾಕಿದರು, ಕಲಸಿದರು. ಈಗ ಎಲ್ಲರ ಕಣ್ಣೂ ಮಣೆಯ ಮೇಲೆ.

"ಯಾರು ಕೂರೋದು?" ಎಂದ ಪೆಂಬು.

"ಕಾಸಾ ಕೂರಲಿ," ಎಂದ ಪಶೆದು.

"ನನಗೆ ಹದ ಗೊತ್ತಿಲ್ಲ," ಎಂದ ಕಾಸಾ, ಪಶೆದುವಿನತ್ತ ತಿರುಗದೆ, ಪೆಂಬುವಿಗೆ. "ಯಾರಿಗೂ ಗೊತ್ತಿಲ್ಲ. ಮೂವತ್ತು ವರ್ಷ ಬೇರೆ ಯಾರಿಗೂ ಬಾಯಿಗಿಡೋಕೆ ಬಿಟ್ಟಿಲ್ವಲ್ಲ."

"ನನಗೆ ಗೊತ್ತು. ನಿನ್ನ ನಾಲಿಗೆ, ನನ್ನ ನೆನಪು. ಕೂತ್ಕೋ."

ಹತ್ತು ವರ್ಷ ಕಣ್ಣಿಟ್ಟ ಮಣೆಯ ಮೇಲೆ ಕಾಸಾ ಮುಳ್ಳಿನ ಮೇಲೆ ಕೂತಂತೆ ಕೂತ. ಮುದ್ದೆ ಬಾಯಿಗಿಟ್ಟ. ಮುಖ ಹಿಂಡಿತು.

"ಥೂ! ಇದನ್ನಾ ನೀವು ಇಷ್ಟು ವರ್ಷ ನೆಕ್ಕಿದ್ದು?"

"ಉಗೀಬೇಡ. ಹೇಳು, ಎಲ್ಲಿ ಕಚ್ತಿದೆ?"

"ನಾಲಿಗೆ ತುದಿ."

"ತುದಿ ಬಿಡು, ಅದು ಸುಣ್ಣ. ಕೆನ್ನೆ ಒಳಗೆ?"

"ಇರುವೆ ಹತ್ತಿದ ಹಾಗಿದೆ."

"ಎಷ್ಟು ಇರುವೆ?"

"ಮೂರೋ ನಾಲ್ಕೋ. ಇದೇನು ಪ್ರಶ್ನೆ?"

"ಎಣಿಸೋಕೆ ಬಂದ್ರೆ ಚೌಳು ಸಾಲದು. ಎರಡು ಹಿಡಿ ಹಾಕ್ರೋ."

ಮತ್ತೆ ಕಲಸಿದರು. ಕಾಸಾ ಮತ್ತೆ ಬಾಯಿಗಿಟ್ಟ. ಈ ಸಲ ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಹಣೆಯಲ್ಲಿ ಬೆವರು. "ಎಣಿಸೋಕೆ ಆಗ್ತಿಲ್ಲ. ಹಲ್ಲಿನ ಬುಡ ಜಾರ್ತಿದೆ. ಗಂಟಲ ಹತ್ತಿರ ಬೂದಿನೀರು."

"ಗಂಟಲಿಗೆ ಇಳೀತಾ, ಬಾಗಿಲಲ್ಲೇ ನಿಂತಿದೆಯಾ? ಸರಿಯಾಗಿ ನೋಡಿ ಹೇಳು."

ಇಡೀ ವಾಸೆತ್ ಪಟ್ಟಣ ಆ ಬಾಯಿಯೊಳಗೆ ಇಣುಕುತ್ತಿದ್ದಂತಿತ್ತು.

"ನಿಂತಿದೆ."

"ಹಾಗಾದ್ರೆ ನೀನೇ ಹೇಳಪ್ಪ. ಮಣೆ ಮೇಲೆ ಕೂತೋನು ಹೇಳ್ಬೇಕು."

ಕಾಸಾ ಉಗಿದ. ಗಡ್ಡದ ಮೇಲೇ ಬಿತ್ತು. "ಅಚ್ಚಿಗೆ ಹಾಕಿ."

ಆಮೇಲಿನ ಎರಡು ದಿನ ಅಂಗಳದಲ್ಲಿ ಯಾರೂ ಸೀನಲಿಲ್ಲ. ಬೆಕ್ಕುಗಳನ್ನು ಹಗ್ಗ ಹಾಕಿ ಕಟ್ಟಿದ್ದರು. ಬಿಸಿಗಾಳಿ ಮರಳು ತೂರದಂತೆ ಹೆಂಗಸರು ಬಟ್ಟೆ ಹಿಡಿದು ಸರದಿಯ ಮೇಲೆ ನಿಂತರು. ಮೊದಲ ದಿನವಿಡೀ ಮಣಿಗಳು ಕಪ್ಪಾಗಿ, ಒದ್ದೆಯಾಗಿ, ಹಟ ಹಿಡಿದ ಮಕ್ಕಳಂತೆ ಮಲಗಿದ್ದವು. ಎರಡನೆಯ ದಿನ ಮಧ್ಯಾಹ್ನ ಒಂದು ಎಸಳಿನ ಅಂಚಿನಲ್ಲಿ ಸೂಜಿಮೊನೆಯಷ್ಟು ಬಿಳಿ ಕಂಡಿತು. ಸಂಜೆಗೆ ಎಲ್ಲಕ್ಕೂ ಹೂ. ಹಿಂದಿನದರ ಅರ್ಧದಷ್ಟೂ ದಟ್ಟವಿಲ್ಲ. ಪೆಂಬು ಅದನ್ನು ನೋಡಿ ಬೆತ್ತವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

ಅರವತ್ತೆಂಟನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಕಾಸಾ ಬೆಂಕಿ ನೋಡಿದ. ಅಷ್ಟೂ ಹೊತ್ತು ಪಶೆದುವಿನ ಜೊತೆ ಒಂದು ಮಾತಿಲ್ಲ. ಪಶೆದು ಸೌದೆ ಎತ್ತಿಕೊಟ್ಟ. ಕಾಸಾ ತೆಗೆದುಕೊಂಡ, ನೋಡಲಿಲ್ಲ. ನೀರು ಕೊಟ್ಟ, ಕುಡಿದ, ನೋಡಲಿಲ್ಲ.

ಆವಿಗೆ ಪೂರ್ತಿ ಆರಲು ಎರಡು ದಿನ ಬೇಕು. ಇದ್ದದ್ದು ಒಂದು. ಅರವತ್ತೊಂಬತ್ತನೆಯ ದಿನ ಮಧ್ಯಾಹ್ನ ಇಟ್ಟಿಗೆ ಮುಟ್ಟಿದರೆ ಇನ್ನೂ ಬೆರಳು ಸುಡುತ್ತಿತ್ತು. ಬೇಗ ತೆರೆದರೆ ತಣ್ಣನೆಯ ಗಾಳಿ ನುಗ್ಗಿ ಮಣಿ ಸೀಳಬಹುದು, ತಡವಾದರೆ ಪೋಣಿಸಲು ಹೊತ್ತಿಲ್ಲ. ಕಾಸಾ ಒಂದು ಇಟ್ಟಿಗೆ ತೆಗೆದ, ಕಾದ. ಇನ್ನೊಂದು ತೆಗೆದ, ಕಾದ. ಒಳಗಿನಿಂದ "ಟಿಣ್" ಎಂದು ಒಂದು ಸದ್ದು ಬಂತು. ಪೆಂಬು ಕಣ್ಣು ಮುಚ್ಚಿಕೊಂಡ. ಮತ್ತೆ ಸದ್ದಿಲ್ಲ.

ತಟ್ಟೆ ಹೊರಬಂತು. ಮೇಲೆ ಪೂರ್ತಿ ಬೂದಿ, ಬೂದಿಬಣ್ಣ ಬಿಟ್ಟರೆ ಏನೂ ಕಾಣದು. ಯಾರೋ ಬಿಕ್ಕಿದರು. ಕಾಸಾ ಬಗ್ಗಿ ಊದಿದ.

ಬೂದಿ ಹಾರಿತು, ಕೆಳಗೆ ನೀಲಿ.

ಎಂಥ ನೀಲಿ ಎಂದರೆ, ಆ ಮಧ್ಯಾಹ್ನ ಆಕಾಶ ನಾಚಿ ಒಂದು ಗಳಿಗೆ ಬೆಳ್ಳಗಾಯಿತು ಎಂದು ಹೇಳುವವರಿದ್ದಾರೆ. ನನಗೇನೂ ಅದು ಹೆಚ್ಚು ಅನ್ನಿಸುವುದಿಲ್ಲ. ಸೀಳಿದ್ದು ಒಂದು ಖರ್ಜೂರ ಮಾತ್ರ. ಮೆರುತ್ ಮತ್ತು ಅವಳ ಹನ್ನೆರಡು ಹೆಂಗಸರು ಮಣಿ ತಣಿಯುವ ಮೊದಲೇ ದಾರಕ್ಕೆ ಏರಿಸತೊಡಗಿದರು, ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತ, ಬೈಯುತ್ತ, ನಗುತ್ತ. ಮಾರನೆಯ ಬೆಳಿಗ್ಗೆ ಅಮ್ಮನವರು ಹೊರಟಾಗ ಹಾರ ಕೊರಳಿನಲ್ಲಿತ್ತು.

ಅದು ಮುಗಿದ ಮೇಲೆ ಪೆಂಬು ಅಂಗಳಕ್ಕೆ ಬಂದು, ಬಾಕಿ ಉಳಿಸಿಕೊಂಡಿದ್ದ ಬೈಗುಳವನ್ನೆಲ್ಲ ಬೈದ. ಮೂರು ಸಲ ನೀರು ಕುಡಿದು ಬೈದ. ಕೊನೆಗೆ, "ಮಣೆ ಕಾಸಾನದು. ನೀನು ನಾಳೆಯಿಂದ ಬೆಣಚುಕಲ್ಲು ಕುಟ್ಟು. ಏಟು ಯಾಕೆ ಬಿಟ್ಟೆ ಅಂತ ಕೇಳ್ಬೇಡ, ಮನಸ್ಸು ಬದಲಾಗುತ್ತೆ," ಎಂದು ಹೋದ. ಪಶೆದು ತಲೆಯಾಡಿಸಿದ. ಅಂಗಳದವರು ಒಬ್ಬೊಬ್ಬರೇ ಚದುರಿದರು. ಕಾಸಾ ಉಳಿದ.

"ನಾನು ಕೆಂಡ ಹಾಕಿಬಿಟ್ಟಿದ್ರೆ?" ಎಂದ ಅವನು. ಐದು ದಿನದ ಮೇಲಿನ ಮೊದಲ ಮಾತು.

"ಹಾಕಲಿಲ್ವಲ್ಲ."

"ಹಾಕಿಬಿಟ್ಟಿದ್ರೆ ಭಾವ? ಆಮೇಲಾದ್ರೂ ಬಾಯಿ ಬಿಡ್ತಿದ್ರಾ?"

ಪಶೆದುವಿಗೆ ಹೌದು ಎನ್ನಬೇಕೆನಿಸಿತು. ಹೇಳಿದ್ದರೆ ಕಾಸಾ ನಂಬುತ್ತಿದ್ದ. "ಗೊತ್ತಿಲ್ಲ ಕಣೋ," ಎಂದ. "ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ."

ಕಾಸಾ ಕಾಲಿನಿಂದ ನೆಲ ಕೆರೆದ. "ನಾಳೆ ಮುದ್ದೆ ಕಲಸ್ತೀವಿ. ಒಂದು ಸಲ ಹದ ಸಿಕ್ಕಿತು ಅಂತ ಇನ್ನೊಂದು ಸಲ ಸಿಗುತ್ತಾ? ನೀವು ಕಿವಿಗೆ ಕೇಳೋಷ್ಟು ಹತ್ತಿರದಲ್ಲೇ ಕೂತು ಕಲ್ಲು ಕುಟ್ಟಿ. ಆದ್ರೆ ನಾನು ನಿಮ್ಮ ಜೊತೆ ಮಾತಾಡೋದಿಲ್ಲ, ಹೇಳಿದ್ದೀನಿ."

"ಮಾತಾಡದೇ ಹೇಗೋ ಕೇಳ್ತೀಯ?"

"ಕೆಮ್ತೀನಿ. ಚೌಳು ಸಾಲದು ಅನ್ನಿಸಿದ್ರೆ ಒಂದು ಸಲ. ಜಾಸ್ತಿ ಅನ್ನಿಸಿದ್ರೆ ಎರಡು ಸಲ."

"ಏನೂ ಗೊತ್ತಾಗದಿದ್ರೆ?"

ಕಾಸಾ ಯೋಚಿಸಿದ. "ಅದಕ್ಕೆ ಬೇರೆ ಕೆಮ್ಮು."

ಮಾರನೆಯ ದಿನ ಪಶೆದು ಕಲ್ಲು ಕುಟ್ಟುವವರ ಸಾಲಿನ ತುದಿಯಲ್ಲಿ ಕೂತ. ಮೂವತ್ತು ವರ್ಷದಿಂದ ಸುತ್ತಿಗೆ ಹಿಡಿಯದ ಕೈಯಲ್ಲಿ ಮಧ್ಯಾಹ್ನದೊಳಗೆ ಎದ್ದ ಬೊಕ್ಕೆಗಳು ದ್ರಾಕ್ಷಿಗೊಂಚಲಿನಷ್ಟು. ಅಂಗಳದ ನಡುವೆ ಮುದ್ದೆ ಕಲಸುವ ಸದ್ದು ನಿಂತಿತು. ಜನ ಉಸಿರು ಹಿಡಿದರು. ಪಶೆದು ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದು ಕಿವಿಗೊಟ್ಟ.

ಆಗ ಬಂತು ನೋಡಿ ಕೆಮ್ಮು. ಕ್ಷಯ ಹತ್ತಿದ ಆನೆಯೊಂದು ಬಾವಿಗೆ ಬಿದ್ದರೆ ಹೇಗೋ ಹಾಗೆ, ಒಂದಲ್ಲ, ಎರಡಲ್ಲ, ಲೆಕ್ಕಕ್ಕೇ ಸಿಗದಷ್ಟು.

ಪಶೆದು ಸುತ್ತಿಗೆ ಕೆಳಗಿಟ್ಟು, ಮೊ‍ಣಕಾಲು ಹಿಡಿದುಕೊಂಡು ಎದ್ದ.